ಹಳೆಯ ಮನೆ ಕೆಡವಿದ ಅವಶೇಷ: ಮರುಬಳಕೆಯಿಂದ ಪರಿಸರಕ್ಕೆ ನಿಜಕ್ಕೂ ಎಷ್ಟು ಪ್ರಯೋಜನ?

ಪ್ರಶ್ನೆ (ಮನೆ ಮಾಲೀಕರು, ಬೆಂಗಳೂರು)

ತಂದೆಯವರು ಕಟ್ಟಿಸಿದ ಹಳೆಯ ಮನೆಯನ್ನು ಕೆಡವಿಸಿ ಹೊಸದನ್ನು ಕಟ್ಟಿಸಲು ಹೊರಟಿದ್ದೇವೆ. ಬಾಗಿಲು, ಕಿಟಕಿ, ಕಂಬಿಗಳನ್ನು ಕೆಡವುವ ಗುತ್ತಿಗೆದಾರರೇ ಕೊಂಡುಕೊಳ್ಳುತ್ತಾರೆ. ಉಳಿದ ಇಟ್ಟಿಗೆ, ಗಾರೆ, ಕಾಂಕ್ರೀಟನ್ನು ಊರಾಚೆ ಎಲ್ಲಾದರೂ ಸುರಿಸುತ್ತೇವೆ ಎನ್ನುತ್ತಾರೆ. ಬಾಡಿಗೆ ತೆತ್ತು, ಅವಶೇಷವನ್ನು ಪುಡಿಮಾಡಿ ಮತ್ತೆ ಜಲ್ಲಿ, ಮರಳು ಮಾಡುವ ಸಂಸ್ಕರಣ ಘಟಕಕ್ಕೆ ಕಳುಹಿಸಿದರೆ ಆ ಖರ್ಚಿಗೆ ತಕ್ಕ ಪ್ರಯೋಜನ ಪರಿಸರಕ್ಕೆ ಆಗುತ್ತದೆಯೇ? ಹೊಸ ಮನೆಗೆ ಮರುಬಳಕೆಯ ಜಲ್ಲಿ ಹಾಕಬಹುದೇ? ನಮ್ಮ ಎಂಜಿನಿಯರ್ ಒಪ್ಪುತ್ತಿಲ್ಲ.

ಉತ್ತರ 1 (ಸಿವಿಲ್ ಎಂಜಿನಿಯರ್)

ಪ್ರಯೋಜನವಿದೆ, ಆದರೆ ಪ್ರಚಾರಪತ್ರಗಳು ಹೇಳುವ ಕಡೆಯಲ್ಲಲ್ಲ. ಕಾಂಕ್ರೀಟಿನ ಇಂಗಾಲದ ಹೊರೆಯಲ್ಲಿ ಬಹುಪಾಲು ಸಿಮೆಂಟಿನದು; ಹಳೆಯ ಕಾಂಕ್ರೀಟನ್ನು ಪುಡಿಮಾಡಿದರೆ ಸಿಗುವುದು ಜಲ್ಲಿ ಮತ್ತು ಮರಳು, ಸಿಮೆಂಟ್ ಅಲ್ಲ. ಆದ್ದರಿಂದ ಹೊಸ ಮನೆಗೆ ಬೇಕಾದ ಸಿಮೆಂಟಿನ ಮೂಟೆಗಳು ಕಡಿಮೆಯಾಗುವುದಿಲ್ಲ. ಘಟಕ ತೀರ ದೂರವಿದ್ದರೆ ಲಾರಿಯ ಡೀಸೆಲ್ ಹೊಗೆಯೇ ಉಳಿತಾಯವನ್ನು ನುಂಗಿಬಿಡಬಹುದು. ಕಂಬಿಯ ವಿಚಾರ ಬೇರೆ: ಗುಜರಿ ಉಕ್ಕನ್ನು ಕರಗಿಸುವುದಕ್ಕೆ ಅದಿರಿನಿಂದ ಉಕ್ಕು ತಯಾರಿಸುವುದಕ್ಕಿಂತ ಬಹಳ ಕಡಿಮೆ ಶಕ್ತಿ ಸಾಕು.

ಉಳಿದ ಅವಶೇಷದ ಮಟ್ಟಿಗೆ ನಿಜವಾದ ಲಾಭ ನೀರಿಗೆ ಮತ್ತು ಬೆಟ್ಟಗಳಿಗೆ. ರಾತ್ರೋರಾತ್ರಿ ಕೆರೆಯಂಚಿಗೆ ಸುರಿದ ಮಣ್ಣುಗಲ್ಲು ಕೆರೆಯ ನೀರು ಹಿಡಿಯುವ ಜಾಗವನ್ನು ಕಬಳಿಸುತ್ತದೆ, ರಾಜಕಾಲುವೆಗೆ ಬಿದ್ದದ್ದು ಮುಂದಿನ ಮಳೆಯಲ್ಲಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿಸುತ್ತದೆ. ಇನ್ನೊಂದೆಡೆ, ರಸ್ತೆಯ ತಳಪದರಕ್ಕೋ ಪಾದಚಾರಿ ಮಾರ್ಗದ ಬ್ಲಾಕಿಗೋ ಮರುಬಳಕೆಯ ಜಲ್ಲಿ ಸೇರಿದಷ್ಟೂ ಚಿಕ್ಕಬಳ್ಳಾಪುರ, ರಾಮನಗರದ ಕಡೆಯ ಕ್ವಾರಿಗಳಲ್ಲಿ ಸಿಡಿಸಬೇಕಾದ ಬಂಡೆ ಅಷ್ಟಷ್ಟು ಉಳಿಯುತ್ತದೆ.

ಉತ್ತರ 2 (ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿದ್ದವರು)

ನಿಮ್ಮ ಎಂಜಿನಿಯರರ ಹಿಂಜರಿಕೆಗೆ ಕಾರಣವಿದೆ. ಮರುಬಳಕೆಯ ಜಲ್ಲಿಗೆ ಹಳೆಯ ಗಾರೆ ಅಂಟಿಕೊಂಡೇ ಇರುತ್ತದೆ. ಅದು ನೀರು ಹೀರುವುದರಿಂದ ಮೊದಲೇ ನೆನೆಸದಿದ್ದರೆ ಕಾಂಕ್ರೀಟಿನ ಹದ ಕೆಡುತ್ತದೆ. ಹಾಗೆಂದು ಪೂರ್ಣ ನಿಷೇಧವೇನೂ ಇಲ್ಲ. ಕಾಂಕ್ರೀಟಿಗೆ ಹಾಕುವ ಜಲ್ಲಿ, ಮರಳಿನ ಭಾರತೀಯ ಮಾನದಂಡವಾದ ಐಎಸ್ 383ರ 2016ರ ಪರಿಷ್ಕರಣೆಯು ಕಾಂಕ್ರೀಟಿನಿಂದಲೇ ಪಡೆದ ಮರುಬಳಕೆಯ ಜಲ್ಲಿಯನ್ನು ಎಂ-25 ದರ್ಜೆಯವರೆಗಿನ (ಅಂಕಿ ದೊಡ್ಡದಾದಷ್ಟೂ ಬಲ ಹೆಚ್ಚು) ಕಂಬಿ ಕಾಂಕ್ರೀಟಿನಲ್ಲಿ ಶೇ 20ರಷ್ಟು, ಕಂಬಿಯಿಲ್ಲದ ಕಾಂಕ್ರೀಟಿನಲ್ಲಿ ಶೇ 25ರಷ್ಟು, ಎಂ-15ಕ್ಕಿಂತ ಕೆಳಗಿನ ದರ್ಜೆಯಲ್ಲಿ ಪೂರ್ತಿಯಾಗಿಯೂ ಬಳಸಲು ಅನುಮತಿಸುತ್ತದೆ. ನಾನಾಗಿದ್ದರೆ ಕಂಬ, ತೊಲೆ, ಛಾವಣಿಯನ್ನು ಬಿಟ್ಟು ಅಡಿಪಾಯದ ಕೆಳಗಿನ ಬೆಡ್ ಕಾಂಕ್ರೀಟಿಗೆ ಮತ್ತು ಅಂಗಳದ ಕೆಲಸಕ್ಕೆ ಹಾಕಿಸುತ್ತಿದ್ದೆ. ಅಷ್ಟಕ್ಕೆ ನಿಮ್ಮ ಎಂಜಿನಿಯರರೂ ಒಪ್ಪಿಯಾರು.

ಉತ್ತರ 3 (ಹಳೆಯ ಮನೆಗಳ ದುರಸ್ತಿ ಮಾಡಿಸುವವರು)

ಘಟಕದ ಮಾತಿಗೆ ಮೊದಲು ಕೆಡವುವ ಕ್ರಮದ ಬಗ್ಗೆ ಮಾತಾಡಿಕೊಳ್ಳಿ. ಸುಣ್ಣದ ಗಾರೆಯ ಗೋಡೆಯಾದರೆ ಇಟ್ಟಿಗೆ ಇಡಿಯಾಗಿಯೇ ಬಿಟ್ಟುಕೊಳ್ಳುತ್ತದೆ. ಕೆರೆದು ಮತ್ತೆ ಕಟ್ಟಬಹುದು, ಪುಡಿಮಾಡುವ ಶ್ರಮವೂ ಉಳಿಯುತ್ತದೆ. ಸಿಮೆಂಟ್ ಗಾರೆಯ ಗೋಡೆಯಲ್ಲಿ ಗಾರೆ ಬಿಡುವುದಕ್ಕಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ. ಒಂದೇ ದಿನದಲ್ಲಿ ಜೆಸಿಬಿಯಿಂದ ಉರುಳಿಸಿದರಂತೂ ಇಟ್ಟಿಗೆ, ಕಾಂಕ್ರೀಟು, ಪ್ಲಾಸ್ಟಿಕ್ ಪೈಪು, ಜಿಪ್ಸಮ್ ಹಲಗೆ ಎಲ್ಲ ಕಲಸಿಹೋಗಿ, ಘಟಕದಲ್ಲಿಯೂ ಅದು ತಗ್ಗು ತುಂಬುವುದಕ್ಕಿಂತ ಹೆಚ್ಚಿನ ಕೆಲಸಕ್ಕೆ ಬರುವುದು ಕಷ್ಟ. ಕೈಯಿಂದ ಕೆಡವಿಸಿದರೆ ಕೂಲಿ ಹೆಚ್ಚು ಬೀಳುತ್ತದೆ, ನಿಜ. ಒಪ್ಪಂದ ಬರೆಯುವಾಗಲೇ ಬೇರ್ಪಡಿಸುವ ಷರತ್ತನ್ನೂ ಘಟಕದ ರಸೀದಿ ತಂದುಕೊಡಬೇಕೆಂಬ ಷರತ್ತನ್ನೂ ಸೇರಿಸಿ. ಹಿತ್ತಲಿನಲ್ಲಿ ಆಸ್ಬೆಸ್ಟಾಸ್ ಶೀಟಿನ ಮಾಡು ಇದ್ದರೆ ಅದನ್ನು ಒಡೆಯದೆ, ನೀರು ಚಿಮುಕಿಸಿ ಇಳಿಸಿ, ಉಳಿದ ಯಾವುದರ ಜೊತೆಗೂ ಸೇರದಂತೆ ಬೇರೆಯಾಗಿಯೇ ಸಾಗಿಸಲು ಹೇಳಿ.