ಬಾಕ್ ಹಾ ಸಂತೆ ಊರಲ್ಲಿ ಮನೆಯವರೇ ನಡೆಸೋ ಗೆಸ್ಟ್‌ಹೌಸಲ್ಲಿ ಉಳ್ಕೊಂಡಿದ್ದವರು ಇದೀರಾ? ಅಮ್ಮನ್ನ ಕರ್ಕೊಂಡು ಹೋಗ್ತಿದೀನಿ

ಹಸಿರುಹಾದಿ:

ಎಲ್ರಿಗೂ ನಮಸ್ಕಾರ. ಫೆಬ್ರವರಿ ಕೊನೇಲಿ ನಾನು ಅಮ್ಮ ಇಬ್ರೇ ವಿಯೆಟ್ನಾಂಗೆ ಹೊರಟಿದೀವಿ, ಅಮ್ಮಂಗೆ 63 ವರ್ಷ, ಮಂಡಿ ನೋವು ಸ್ವಲ್ಪ ಇದೆ ಆದ್ರೆ ನಡೀತಾರೆ. ಹನೋಯ್ ಆದ್ಮೇಲೆ ಸಾಪಾ ಅನ್ನೋ ಬೆಟ್ಟದ ಊರಿಗೆ ಹೋಗಿ ಅಂತ ಎಲ್ರೂ ಹೇಳ್ತಾರೆ, ನಂಗೆ ಮಾತ್ರ ಬಾಕ್ ಹಾ ಕಡೆ ಮನಸ್ಸು, ಯಾಕಂದ್ರೆ ಅಮ್ಮ ಜೀವನ ಪೂರ್ತಿ ಸೂಜಿ ದಾರ ಹಿಡಿದೋರು, ಹ್ಮಾಂಗ್ ಅನ್ನೋ ಬೆಟ್ಟದ ಬುಡಕಟ್ಟಿನ ಹೆಂಗಸರ ಬಟ್ಟೆ ಮೇಲಿನ ಕಸೂತಿ ಫೋಟೋ ನೋಡಿ ಇದನ್ನ ಕಣ್ಣಾರೆ ನೋಡ್ಬೇಕು ಅಂತ ಒಂದೇ ಆಸೆ ಇಟ್ಕೊಂಡಿದಾರೆ. ಭಾನುವಾರದ ಸಂತೆ ಫೇಮಸ್ಸು ಅಂತ ಗೊತ್ತು. ಸಾಪಾದಿಂದ ಬೆಳಿಗ್ಗೆ ವ್ಯಾನಲ್ಲಿ ಹೋಗಿ ಸಂಜೆ ವಾಪಸ್ ಬರೋ ಟೂರ್ ಇದೆ, ಅದು ಸಾಕಾ, ಇಲ್ಲ ಊರಲ್ಲೇ ಉಳೀಬೇಕಾ? ಉಳಿಯೋದಾದ್ರೆ ದೊಡ್ಡ ಹೋಟೆಲ್ ಬೇಡ, ಮನೆಯವರೇ ನಡೆಸೋ ಜಾಗ ಬೇಕು. ಆದ್ರೆ ಬಾತ್‌ರೂಮು, ಚಳಿ, ಊಟ (ನಾವು ಶುದ್ಧ ವೆಜ್, ಮೊಟ್ಟೇನೂ ಇಲ್ಲ) ಇದೆಲ್ಲ ಯೋಚ್ನೆ ಆಗ್ತಿದೆ. ಹೋಗ್ಬಂದೋರು ದಯವಿಟ್ಟು ಹೇಳಿ.

ಸಂತೆಗೆಳೆಯ:

ಉಳೀರಿ. ಶನಿವಾರ ರಾತ್ರಿ, ಭಾನುವಾರ ರಾತ್ರಿ ಎರಡೂ ಉಳೀರಿ, ಇದೊಂದು ಮಾತು ಕೇಳಿ ಸಾಕು ಮಿಕ್ಕಿದ್ದೆಲ್ಲ ಹೆಂಗೋ ಆಗತ್ತೆ.

ಸಾಪಾದಿಂದ ಬಾಕ್ ಹಾ ಹತ್ರತ್ರ 100 ಕಿಮೀ, ಬೆಟ್ಟದ ರಸ್ತೆ, 3 ಗಂಟೆ ಬೇಕು. ಹಾಗಾಗಿ ಟೂರ್ ವ್ಯಾನುಗಳು ಬಂದು ನಿಲ್ಲೋ ಹೊತ್ತಿಗೆ ಒಂಬತ್ತೂವರೆ ಹತ್ತು ಆಗಿರತ್ತೆ. ಸಂತೆ ಅಷ್ಟೊತ್ತಿಗೆ ಅರ್ಧ ಮುಗ್ದಿರತ್ತೆ. ನಾವು ಶನಿವಾರ ಮಧ್ಯಾಹ್ನ ಹೋಗಿ ಸೇರಿದ್ವಿ, ಭಾನುವಾರ ಐದೂವರೆಗೆ ಕಿಟಕಿ ಕೆಳಗೆ ಕುದುರೆ ಕಾಲಿನ ಸದ್ದಿಗೆ ಎಚ್ಚರ ಆಯ್ತು, ಇನ್ನೂ ಕತ್ತಲು, ಮಂಜು, ಆ ಮಂಜೊಳಗಿಂದ ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಕೊಂಡು ಒಬ್ಬೊಬ್ರಾಗಿ ಇಳೀತಾ ಇದ್ರು, ಆ ಲಂಗಗಳ ಕೆಂಪು ಹಸಿರು ಬಣ್ಣ ಮೊದ್ಲು ಕಾಣತ್ತೆ ಆಮೇಲೆ ಮನುಷ್ಯರು ಕಾಣ್ತಾರೆ. ನಂಗೆ ಈಗ್ಲೂ ಅದು ಕಣ್ಮುಂದೆ ಇದೆ. ಆರರಿಂದ ಒಂಬತ್ತರ ತನಕ ಅದು ಪೂರ್ತಿ ಅವರ ಸಂತೆ, ಎಮ್ಮೆ ವ್ಯಾಪಾರ, ಕುದುರೆ, ನೇಗಿಲಿನ ಕುಳ, ಸಸಿ, ಬೀಜ, ಅವರವರೇ ಕೊಟ್ಟು ತಗೊಳ್ಳೋದು. ಹತ್ತರ ಮೇಲೆ ಕ್ಯಾಮೆರಾಗಳು ಜಾಸ್ತಿ.

ಇನ್ನು ಭಾನುವಾರ ರಾತ್ರಿ ಯಾಕೆ ಅಂದ್ರೆ, ಗೆಸ್ಟ್‌ಹೌಸ್ ಮನೆಯವರಿಗೂ ಭಾನುವಾರ ಬೆಳಿಗ್ಗೆ ಸಂತೆ ದಿನಾನೇ. ನಮ್ಮ ಮನೆ ಯಜಮಾನಿ ಬೆಳಿಗ್ಗೆ ಐದಕ್ಕೇ ಹೋಗ್ಬಿಟ್ಟಿದ್ರು, ಟೇಬಲ್ ಮೇಲೆ ಫ್ಲಾಸ್ಕಲ್ಲಿ ಬಿಸಿನೀರು, ಬಾಳೆಹಣ್ಣು ಇಟ್ಟು. ಮಾತಾಡಕ್ಕೂ ಪುರುಸೊತ್ತಿಲ್ಲ. ಮಧ್ಯಾಹ್ನ ಎರಡಾಗ್ತಿದ್ದಂಗೆ ಊರು ಖಾಲಿ, ವ್ಯಾನುಗಳೆಲ್ಲ ವಾಪಸ್, ಆಗ ಆಯಮ್ಮ ಬಂದು ಕಾಲು ಚಾಚಿ ಕೂತ್ರು, ಹಸಿರು ಟೀ ಬಗ್ಗಿಸಿದ್ರು, ತಾವು ಸಂತೇಲಿ ತಂದಿದ್ದನ್ನ ಒಂದೊಂದಾಗಿ ತೆಗೆದು ತೋರ್ಸಿದ್ರು. ಮೊಮ್ಮಗಳು ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡ್ತಾ ಇದ್ಲು. ಆ ಸಂಜೆ ಸಂತೆಗಿಂತ ದೊಡ್ಡದು ನನ್ನ ಪಾಲಿಗೆ. ಡೇ ಟೂರಲ್ಲಿ ಹೋದ್ರೆ ಇದ್ಯಾವ್ದೂ ಸಿಗಲ್ಲ.

ಬೋರ್ಡ್ ಮೇಲೆ "ನ್ಯಾ ಙಿ" ಅಂತಿದ್ರೆ ಅದೇ ಗೆಸ್ಟ್‌ಹೌಸು, ಪದದ ಅರ್ಥ ವಿಶ್ರಾಂತಿ ಮನೆ. ಕೆಳಗೆ ಮನೆಯವರು, ಮೇಲೆ ನಾಕೈದು ರೂಮು, ಪೇಟೆ ಒಳಗೆ ಜಾಸ್ತಿ ಇಂಥವೇ. ನಿಮ್ಮಮ್ಮಂಗೆ ಇದೇ ಸರಿ, ಅಟ್ಯಾಚ್ಡ್ ಬಾತ್‌ರೂಮು, ಗೀಸರು ಇರತ್ತೆ. ನಾವು ಒಂದು ರೂಮಿಗೆ ರಾತ್ರಿಗೆ 350,000 ಡಾಂಗ್ (ಅಲ್ಲಿನ ದುಡ್ಡು) ಕೊಟ್ವಿ. ಹಾಸಿಗೆ ಮಾತ್ರ ಗಟ್ಟಿ, ಆ ಕಡೆ ಎಲ್ಲಾ ಹಂಗೇ, ಒಂದು ಎಕ್ಸ್‌ಟ್ರಾ ರಜಾಯಿ ಕೇಳಿ ಕೆಳಗೆ ಹಾಸ್ಕೊಳ್ಳಿ.

ಬೆಟ್ಟದಾಚೆ_ಊರು:

ಮೇಲೆ ಹೇಳಿದ್ದು ಒಪ್ತೀನಿ. ಆದ್ರೆ ಒಂದು ಎಚ್ಚರಿಕೆ ಹೇಳ್ಬೇಕು, ನಾನು ಇದ್ರಲ್ಲಿ ಪೆಟ್ಟು ತಿಂದಿದೀನಿ. ಪೇಟೆಯಿಂದ ಆಚೆ ಹಳ್ಳಿಗಳಲ್ಲಿ ತಾಯ್ ಅನ್ನೋ ಬುಡಕಟ್ಟಿನ ಜನಗಳ ಕಂಬದ ಮೇಲಿನ ಮರದ ಮನೆ ಹೋಮ್‌ಸ್ಟೇ ಇವೆ, ಫೋಟೋದಲ್ಲಿ ತುಂಬಾ ಚಂದ, ನಾನೂ ಅತ್ತೆ ಮಾವನ್ನ ಅಂಥದ್ರಲ್ಲಿ ಇರ್ಸಿದ್ದೆ. ಮಲಗೋದು ಮೇಲೆ, ಒಂದೇ ದೊಡ್ಡ ಹಾಲಲ್ಲಿ ಪರದೆ ಕಟ್ಟಿ ಹಾಸಿಗೆ, ಟಾಯ್ಲೆಟ್ ಕೆಳಗೆ ಅಂಗಳದಾಚೆ. ರಾತ್ರಿ ಎರಡು ಗಂಟೆಗೆ ಮಂಜಲ್ಲಿ ಒದ್ದೆಯಾಗಿರೋ ಕಡಿದಾದ ಮರದ ಮೆಟ್ಟಿಲು ಇಳಿಯುವಾಗ ಮಾವ ಜಾರಿದ್ರು, ದೇವ್ರ ದಯೆ ಮೊಣಕೈ ತರಚಿದ್ದಷ್ಟೇ. ಮನೆಯವರದ್ದೇನೂ ತಪ್ಪಿಲ್ಲ, ಅವರು ಪಾಪ ಎದ್ದು ಬಂದು ಬಿಸಿನೀರು ಕಾಯ್ಸಿ ಒರೆಸಿದ್ರು, ಬೆಳಗಿನ ತನಕ ಒಲೆ ಆರಕ್ಕೆ ಬಿಡ್ಲಿಲ್ಲ. ಬುಕ್ ಮಾಡೋಕ್ ಮುಂಚೆ ನಾನು ಕೇಳ್ಬೇಕಿತ್ತು. ಮಂಡಿ ನೋವು ಅಂತೀರಲ್ಲ, ನೀವು ಮೆಸೇಜಲ್ಲಿ ನೇರವಾಗಿ ಕೇಳಿ: ಟಾಯ್ಲೆಟ್ ಮಲಗೋ ಮಹಡಿಯಲ್ಲೇ ಇದೆಯಾ, ರೂಮಿಗೆ ಎಷ್ಟು ಮೆಟ್ಟಿಲು. ಆ ಕಡೆ ಜನ ವಾಟ್ಸಾಪ್‌ಗಿಂತ ಜಾಲೋ ಆ್ಯಪ್ ಜಾಸ್ತಿ ಬಳಸ್ತಾರೆ, ಅದನ್ನ ಹಾಕ್ಕೊಳ್ಳಿ, ಬಾತ್‌ರೂಮಿನ ಫೋಟೋ ಕೇಳಿದ್ರೂ ಬೇಜಾರಿಲ್ದೆ ಕಳಿಸ್ತಾರೆ.

ಚಳಿ ಬಗ್ಗೆ, ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಫೆಬ್ರವರೀಲಿ ರಾತ್ರಿ 10 ಡಿಗ್ರಿ ಆಸುಪಾಸು, ಒಮ್ಮೊಮ್ಮೆ ಇನ್ನೂ ಕಮ್ಮಿ. ಡಿಗ್ರಿಗಿಂತ ಕಷ್ಟ ಕೊಡೋದು ಆ ತೇವ. ಮನೆಗಳಲ್ಲಿ ಹೀಟರ್ ಇರಲ್ಲ, ಕರೆಂಟಿನ ಬಿಸಿ ಹಾಸು ಬಹಳ ಕಡೆ ಇಟ್ಟಿರ್ತಾರೆ, ಅದೊಂದು ಕೇಳಿ ಕನ್ಫರ್ಮ್ ಮಾಡ್ಕೊಳ್ಳಿ. ಒಗೆದ ಬಟ್ಟೆ ಮೂರು ದಿನ ಒಣಗಲ್ಲ, ಕಾಲ್ಚೀಲ ಜಾಸ್ತಿ ತಗೊಂಡೋಗಿ. ಆದ್ರೆ ಅದೇ ಟೈಮಲ್ಲಿ ಪ್ಲಮ್ ಗಿಡಗಳು ಬಿಳಿ ಹೂ ಬಿಟ್ಟಿರತ್ವೆ, ಊರಿನ ಸುತ್ತ ತೋಟ ತೋಟವೇ ಬೆಳ್ಳಗೆ.

ಅನ್ನಸಾರು_ಪಯಣ:

ಊಟದ ಬಗ್ಗೆ ನಾನು ಹೇಳ್ತೀನಿ, ನಾನೂ ಪ್ಯೂರ್ ವೆಜ್, ಐದು ದಿನ ಆ ಭಾಗದಲ್ಲಿದ್ದೆ. ಮನೆಯವರ ಗೆಸ್ಟ್‌ಹೌಸ್ ನಮಗೆ ಹೋಟೆಲ್‌ಗಿಂತ ಎಷ್ಟೋ ವಾಸಿ, ಯಾಕಂದ್ರೆ ಅಡುಗೆ ಮನೆಗೆ ಹೋಗಿ ಕೈ ತೋರ್ಸಿ ಹೇಳಬಹುದು. "ತೋಯ್ ಆನ್ ಚಾಯ್" ಅಂದ್ರೆ ನಾನು ಸಸ್ಯಾಹಾರಿ ಅಂತ. ಬೌದ್ಧರಲ್ಲಿ ಚಾಯ್ (ಅಂದ್ರೆ ಸಸ್ಯಾಹಾರ, ನಮ್ಮ ಚಹಾ ಅಲ್ಲ) ಊಟದ ಪದ್ಧತಿ ಇರೋದ್ರಿಂದ ಆ ಪದ ಎಲ್ರಿಗೂ ಗೊತ್ತು. ಆದ್ರೆ ಬೆಟ್ಟದ ಕಡೆ ಅಷ್ಟಕ್ಕೇ ಬಿಡಬೇಡಿ, ಮಾಂಸ ಹಾಕ್ದಿದ್ರೂ ಸೊಪ್ಪು ಬಾಡಿಸೋದು ಹಂದಿ ಕೊಬ್ಬಲ್ಲಿ, ಉಪ್ಪಿನ ಬದ್ಲು ಮೀನಿನ ಸಾಸು. ಮೀನಿನ ಸಾಸ್ ಬೇಡ, ಹಂದಿ ಕೊಬ್ಬು ಬೇಡ, ಮಾಂಸದ ಪುಡಿ ಬೇಡ, ಮೊಟ್ಟೆ ಬೇಡ, ಎಣ್ಣೆ ಉಪ್ಪು ಸಾಕು ಅಂತ ವಿಯೆಟ್ನಾಮೀಸಲ್ಲಿ ಬರೆದು ಫೋನಲ್ಲಿ ಸೇವ್ ಮಾಡ್ಕೊಳ್ಳಿ. ಹಿಂದಿನ ದಿನಾನೇ ಹೇಳಿ, ಆಗ ಅವರಿಗೂ ಗಾಬರಿ ಆಗಲ್ಲ.

ಸಿಗೋದು ಏನು ಅಂದ್ರೆ ಅನ್ನ, ತೋಫು ಟೊಮೇಟೊ, ಬೇಯಿಸಿದ ಸೊಪ್ಪು, ಕಡಲೆಕಾಯಿ ಎಳ್ಳು ಪುಡಿ, ಮತ್ತೆ ನಂಗೆ ಬಹಳ ಇಷ್ಟ ಆಗಿದ್ದು ಸೀಮೆಬದನೆ ಬಳ್ಳಿಯ ಕುಡಿ, ಬೆಳ್ಳುಳ್ಳಿ ಹಾಕಿ ಬಾಡಿಸ್ತಾರೆ. ನಾವು ಕಾಯಿ ತಿಂದು ಕುಡಿ ಬಿಟ್ಟಿದೀವಲ್ಲ ಇಷ್ಟು ದಿನ ಅನ್ನಿಸ್ತು. ಸಂತೇಲಿ ಬಣ್ಣಬಣ್ಣದ ಅಂಟು ಅನ್ನ ಮಾರ್ತಾರೆ, ಗಿಡಮೂಲಿಕೆ ಎಲೆಗಳಿಂದ ಬಣ್ಣ ಬರ್ಸಿದ್ದು, ಬೆಳಗಿನ ತಿಂಡಿಗೆ ಅದು ಬೆಸ್ಟು. ಅಮ್ಮಂಗೆ ಮೊದ್ಲೇ ಹೇಳಿಡಿ, ಸಂತೆಯ ಊಟದ ಸಾಲಲ್ಲಿ ದೊಡ್ಡ ಕಡಾಯಿಗಳಲ್ಲಿ ಥಾಂಗ್ ಕೋ ಅನ್ನೋ ಸಾರು ಕುದೀತಿರತ್ತೆ, ಕುದುರೆ ಮಾಂಸದ್ದು, ವಾಸನೆ ಜೋರು. ಕೆಲವು ಅಡುಗೆ ಮನೇಲಿ ಒಲೆ ಮೇಲೆ ಮಾಂಸ ಹೊಗೆಗೆ ನೇತಾಕಿರ್ತಾರೆ. ಅದು ಅವರ ಮನೆ ಅವರ ಊಟ, ನಮ್ಮ ಮುಖದಲ್ಲಿ ಅಸಹ್ಯ ಕಾಣಬಾರದು.

ಇನ್ನೊಂದು, ರಾತ್ರಿ ಜೋಳದ ಮದ್ಯ ಬಗ್ಗಿಸ್ತಾರೆ, ಪಕ್ಕದ ಬಾನ್ ಫೋ ಹಳ್ಳಿದು ಹೆಸರುವಾಸಿ. ಕುಡಿಯಲ್ಲ ಅಂದ್ರೆ ಲೋಟದ ಮೇಲೆ ಕೈ ಇಟ್ಟು ನಗಿ, ಟೀ ಲೋಟ ಎತ್ತಿ ಅವರ ಲೋಟಕ್ಕೆ ತಾಗ್ಸಿ, ಸಾಕು. ಅಮ್ಮಂದಿರಿಗೆ ಯಾರೂ ಒತ್ತಾಯ ಮಾಡಲ್ಲ.

ಮೀಟರ್‌ಗೇಜ್:

ಹೋಗೋ ದಾರಿ. ಹನೋಯ್‌ನಿಂದ ರಾತ್ರಿ ಟ್ರೈನ್ ಲಾವ್ ಕಾಯ್‌ವರೆಗೆ, 296 ಕಿಮೀಗೆ ಸುಮಾರು 8 ಗಂಟೆ, ಇಷ್ಟು ನಿಧಾನ ಯಾಕಂದ್ರೆ ಫ್ರೆಂಚರ ಕಾಲದ ಮೀಟರ್ ಗೇಜ್ ಲೈನು ಅದು, 1906ರಲ್ಲೇ ಲಾವ್ ಕಾಯ್ ಮುಟ್ಟಿತ್ತು. ಮಂಡಿ ನೋವಿರೋರಿಗೆ ಕೆಳಗಿನ ಬರ್ತ್ ತಗೊಂಡ್ರೆ ಸ್ಲೀಪರ್ ಬಸ್ಸಿಗಿಂತ ಟ್ರೈನೇ ಆರಾಮ, ಬಸ್ಸಲ್ಲಿ ಕಾಲು ಪೂರ್ತಿ ಚಾಚಕ್ಕಾಗಲ್ಲ, ಹತ್ತಿ ಇಳಿಯೋದೂ ಕಷ್ಟ. ಬೆಳಿಗ್ಗೆ ಆರರ ಹೊತ್ತಿಗೆ ಇಳೀತೀರ, ಅಲ್ಲಿಂದ ಬಾಕ್ ಹಾಗೆ ಲೋಕಲ್ ಬಸ್ಸಲ್ಲಿ ಎರಡೂವರೆ ಗಂಟೆ. ಆ ಬಸ್ಸಲ್ಲಿ ಅಕ್ಕಿ ಮೂಟೆ ಕೋಳಿ ಎಲ್ಲ ಬರತ್ತೆ, ಇಬ್ರಿದ್ರೆ ಗೆಸ್ಟ್‌ಹೌಸಿನವರಿಗೇ ಹೇಳಿ ಕಾರು ಕಳ್ಸಿ ಅನ್ನಿ. ಟೈಮ್ ಕಡಿಮೆ ಇದ್ರೆ ಹನೋಯ್‌ನಿಂದ ಡೈರೆಕ್ಟ್ ಬಸ್ ಕೂಡ ಇದೆ, 2014ರಲ್ಲಿ ಎಕ್ಸ್‌ಪ್ರೆಸ್‌ವೇ ಆದ್ಮೇಲೆ ಬೇಗ ಹೋಗತ್ತೆ.

ಅಡ್ರೆಸ್ ವಿಷ್ಯ ಒಂದು ಗಮನಿಸಿ, 2025ರ ಜುಲೈ 1ರಿಂದ ಅಲ್ಲಿ ಜಿಲ್ಲೆಗಳನ್ನೇ ತೆಗೆದುಹಾಕಿ ಪ್ರಾಂತ್ಯಗಳನ್ನ ಸೇರಿಸಿದಾರೆ, ಬುಕಿಂಗ್‌ನಲ್ಲಿ ಹಳೇ ಅಡ್ರೆಸ್ ಮ್ಯಾಪಲ್ಲಿ ಹೊಸ ಅಡ್ರೆಸ್ ಇದ್ರೆ ಗಾಬರಿ ಬೇಡ, ಲೊಕೇಶನ್ ಪಿನ್ ಕಳ್ಸಕ್ಕೆ ಹೇಳಿ. ದುಡ್ಡು ಎಣಿಸೋವಾಗ 20,000 ಮತ್ತೆ 500,000 ನೋಟು ಎರಡೂ ನೀಲಿ, ಬೆಳಗಿನ ಮಬ್ಬಲ್ಲಿ ಒಂದೇ ಥರ ಕಾಣತ್ವೆ, ದೊಡ್ಡ ನೋಟನ್ನ ಬೇರೆ ಜೇಬಲ್ಲಿ ಇಡಿ. ಸಂತೆಗೆ ಚಿಲ್ಲರೆ ಬೇಕು, ಹಿಂದಿನ ದಿನ ಗೆಸ್ಟ್‌ಹೌಸಲ್ಲೇ ಮುರಿಸ್ಕೊಳ್ಳಿ.

ಹಸಿರುಹಾದಿ:

ಎಷ್ಟೊಂದು ಬರ್ದಿದೀರಿ ಎಲ್ರೂ, ಅಮ್ಮಂಗೆ ಪೂರ್ತಿ ಓದಿ ಹೇಳ್ದೆ, ಸೀಮೆಬದನೆ ಕುಡಿ ಕೇಳಿ ಆಗ್ಲೇ ಖುಷಿ. ಇನ್ನು ಮೂರು ಪ್ರಶ್ನೆ. ಒಂದು, ಗೆಸ್ಟ್‌ಹೌಸಿನವರು ಪಾಸ್‌ಪೋರ್ಟ್ ಇಟ್ಕೊತಾರೆ ಅಂತ ಕೇಳಿದೆ, ಕೊಡಬಹುದಾ? ಎರಡು, ಶನಿವಾರದ ಕಾನ್ ಕಾವ್ ಸಂತೇನೂ ಸೇರ್ಸಕ್ಕಾಗತ್ತಾ? ಮೂರು ಅಮ್ಮಂದು, ಕೈಕಸೂತಿ ಯಾವ್ದು ಮಷೀನ್ ಯಾವ್ದು ಅಂತ ಹೆಂಗೆ ಗೊತ್ತಾಗತ್ತೆ, ಮತ್ತೆ ಯಾರಾದ್ರೂ ಕೂತು ಹಾಕೋದು ನೋಡಕ್ಕೆ ಸಿಗತ್ತಾ?

ಸಂತೆಗೆಳೆಯ:

ಪಾಸ್‌ಪೋರ್ಟ್: ವಿದೇಶದವರು ಯಾರೇ ಉಳಿದ್ರೂ ಮನೆಯವರು ಪೊಲೀಸ್‌ಗೆ ಮಾಹಿತಿ ಕೊಡ್ಲೇಬೇಕು, ಅದು ಅಲ್ಲಿನ ಕಾನೂನು, ಹೋಮ್‌ಸ್ಟೇಗೂ ಅನ್ವಯ. ಅದಕ್ಕೆ ಫೋಟೋ ಸಾಕಾಗತ್ತೆ. ನಮ್ಮ ಗೆಸ್ಟ್‌ಹೌಸಿನವರು ಪಾಸ್‌ಪೋರ್ಟ್ ಪೇಜು, ಇ-ವೀಸಾ ಎರಡಕ್ಕೂ ಫೋಟೋ ಹೊಡ್ಕೊಂಡು ಅಲ್ಲೇ ವಾಪಸ್ ಕೊಟ್ರು. ಇ-ವೀಸಾ ಪ್ರಿಂಟ್ ಎರಡು ಕಾಪಿ ಇಟ್ಕೊಳ್ಳಿ.

ಕಾನ್ ಕಾವ್: ಬಾಕ್ ಹಾದಿಂದ ಉತ್ತರಕ್ಕೆ 20 ಕಿಮೀ ಹತ್ರ, ಚೀನಾ ಗಡಿ ಪಕ್ಕ, ಗುಡ್ಡದ ಇಳಿಜಾರಲ್ಲಿ ನಡೆಯೋ ಚಿಕ್ಕ ಸಂತೆ, ಮಧ್ಯಾಹ್ನಕ್ಕೆ ಕರಗ್ಹೋಗತ್ತೆ. ಶನಿವಾರ ಬೆಳಿಗ್ಗೆ ಟ್ರೈನಲ್ಲಿ ಬಂದಿಳಿದು ಅಲ್ಲಿಗೂ ಓಡಿದ್ರೆ ಅಮ್ಮ ಸುಸ್ತಾಗ್ತಾರೆ. ಒಂದು ದಿನ ಮುಂಚೆ, ಶುಕ್ರವಾರವೇ ಬಾಕ್ ಹಾ ಸೇರೋದಾದ್ರೆ ಮಾತ್ರ ಮಾಡಿ, ಇಲ್ಲಾಂದ್ರೆ ಬಿಟ್ಬಿಡಿ. ಶನಿವಾರ ಮಧ್ಯಾಹ್ನ ನಿಧಾನಕ್ಕೆ ಹ್ವಾಂಗ್ ಆ ತುವಾಂಗ್ ಬಂಗ್ಲೆ ನೋಡ್ಕೊಂಡು ಬನ್ನಿ, ಊರೊಳಗೇ ಇದೆ, 1914ರಿಂದ 1921ರ ತನಕ ಕಟ್ಟಿದ್ದು, ಫ್ರೆಂಚ್ ಕಾಲದ ಸ್ಥಳೀಯ ದೊರೆ ಮನೆ.

ಕಸೂತಿ ವಿಷ್ಯ. ಸಂತೇಲಿ ನೇತಾಕಿರೋ ಮಿರಮಿರ ಲಂಗಗಳಲ್ಲಿ ಬಹಳಷ್ಟು ಮಷೀನ್ ಪ್ರಿಂಟು, ಪಾಲಿಯೆಸ್ಟರು, ಆ ಹೆಂಗಸರೇ ದಿನಬಳಕೆಗೆ ಅದನ್ನ ಕೊಂಡು ಉಡ್ತಾರೆ ಯಾಕಂದ್ರೆ ಹಗುರ, ಬೇಗ ಒಣಗತ್ತೆ. ಅದರಲ್ಲಿ ಮೋಸ ಏನಿಲ್ಲ. ಕೈದು ಬೇಕಂದ್ರೆ ಬಟ್ಟೆ ಮಗುಚಿ ಹಿಂಬದಿ ನೋಡ್ಬೇಕು, ದಾರದ ಗಂಟು, ಹಾರಿದ ದಾರ ಕಾಣತ್ತೆ, ಇದು ನಿಮ್ಮಮ್ಮಂಗೆ ನಾನು ಹೇಳ್ಬೇಕಾಗಿಲ್ಲ. ಹಳೇ ತುಂಡುಗಳಲ್ಲಿ ಸೆಣಬಿನ ಥರದ ನೂಲಿನ ಬಟ್ಟೆ, ನೀಲಿ ಬಣ್ಣ, ಮೇಣದಲ್ಲಿ ಬರೆದ ಗೆರೆ ಇರತ್ತೆ, ಬೆಲೆ ಜಾಸ್ತಿ, ಅದರ ಹಿಂದೆ ತಿಂಗಳುಗಟ್ಟಲೆ ಕೆಲಸ ಇದೆ, ಅಲ್ಲಿ ಚೌಕಾಸಿ ಮಾಡಕ್ಕೆ ನಂಗೆ ಮನಸ್ಸು ಬರ್ಲಿಲ್ಲ.

ಕೂತು ಹಾಕೋದು ನೋಡೋಕೆ ಸಂತೇಲಿ ಅವಕಾಶ ಕಮ್ಮಿ, ಅಲ್ಲಿ ಗಡಿಬಿಡಿ. ಪೇಟೆ ಗೆಸ್ಟ್‌ಹೌಸಿನವರು ಎಲ್ರೂ ಹ್ಮಾಂಗ್ ಅಲ್ಲ, ಆದ್ರೆ ಅವರಿಗೆ ಮೇಲಿನ ಹಳ್ಳಿ ಜನ ಚೆನ್ನಾಗಿ ಗೊತ್ತಿರ್ತಾರೆ. ಸೋಮವಾರ ಬೆಳಿಗ್ಗೆ ಹೊರಡೋ ಮುಂಚೆ ಬಾನ್ ಫೋ ಕಡೆ ಯಾರ ಮನೆಗಾದ್ರೂ ಕರ್ಕೊಂಡು ಹೋಗ್ತೀರಾ ಅಂತ ಭಾನುವಾರ ಸಂಜೆ ಕೇಳಿ. ಅಮ್ಮ ತಮ್ಮ ಕಸೂತಿ ಒಂದು ತುಂಡು, ಸೂಜಿ, ಬಣ್ಣದ ದಾರ ತಗೊಂಡು ಹೋಗ್ಲಿ. ಫೋಟೋ ತೋರ್ಸೋದಕ್ಕಿಂತ ಅದು ಬೇಗ ಅರ್ಥ ಆಗತ್ತೆ. ಒಳಗೆ ಹೋದಾಗ ಗೋಡೆ ಹತ್ರ ಹಿರಿಯರ ಪೂಜೆ ಜಾಗ ಇರತ್ತೆ, ಅದರ ಕಡೆ ಕಾಲು ಚಾಚಬೇಡಿ, ಬ್ಯಾಗ್ ಇಡಬೇಡಿ, ಕೇಳ್ದೆ ಫೋಟೋ ತೆಗೀಬೇಡಿ.

ಹಸಿರುಹಾದಿ:

ಶುಕ್ರವಾರ ರಾತ್ರಿ ಟ್ರೈನು, ಕೆಳಗಿನ ಬರ್ತ್ ಎರಡು, ಶನಿವಾರ ಭಾನುವಾರ ಎರಡು ರಾತ್ರಿ ಪೇಟೆ ಒಳಗಿನ ನ್ಯಾ ಙಿ, ಕಾನ್ ಕಾವ್ ಕೈ ಬಿಟ್ವಿ. ಜಾಲೋದಲ್ಲಿ ಮೆಸೇಜ್ ಹಾಕ್ದೆ, ಮೆಟ್ಟಿಲು ಎಷ್ಟು ಅಂತ ಕೇಳಿದ್ದಕ್ಕೆ ಅಲ್ಲಿನ ಯಜಮಾನಿ ಮೆಟ್ಟಿಲಿಂದು ಬಾತ್‌ರೂಮಿಂದು ವೀಡಿಯೋನೇ ಕಳ್ಸಿದ್ರು, ಕೆಳಗಿನ ಮಹಡೀಲಿ ಒಂದು ರೂಮು ಇದೆ ಅದನ್ನ ಅಮ್ಮಂಗೆ ಇಡ್ತೀನಿ ಅಂದ್ರು. ಅಮ್ಮ ನಿನ್ನೆ ರಾತ್ರಿ ಪೆಟ್ಟಿಗೆ ತೆಗೆದು ಯಾವ ಕಸೂತಿ ತುಂಡು ಒಯ್ಯೋದು ಅಂತ ಹುಡುಕ್ತಾ ಕೂತಿದ್ರು, ಕೊನೆಗೆ ಅರ್ಧಕ್ಕೆ ನಿಂತಿರೋದೇ ಒಂದು ಆರ್ಸಿದಾರೆ, ಅಲ್ಲಿ ಕೂತು ಮುಂದುವರ್ಸಬಹುದು ಅಂತ.