ಪ್ರಬಂಧದಲ್ಲಿ ಮಾಹಿತಿ ಇದೆ, ವಾದ ಇಲ್ಲ ಅಂತಾರೆ. ಎಲ್ಲಿಂದ ತಿದ್ದಲಿ?

ಬಿಎ ವಿದ್ಯಾರ್ಥಿನಿ, ವಿಜಯನಗರ
ವಿಷಯ: ನಮ್ಮ ಮೆಟ್ರೊದಲ್ಲಿ ವಿದ್ಯಾರ್ಥಿ ರಿಯಾಯಿತಿ. ಮಿತಿ 600 ಪದ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ್ದು, ಮಾರ್ಗಗಳು, ದರಪಟ್ಟಿ ಎಲ್ಲ ಹಾಕಿದ್ದೇನೆ. ಆದರೂ ಈ ಷರಾ. ದಯವಿಟ್ಟು ದಾರಿ ತೋರಿಸಿ.

ಕರಡು ತಿದ್ದುವವ
ಯಾರಿಗೆ ಬರೆಯುತ್ತಿದ್ದೀರಿ ಅನ್ನೋದು ಮೊದಲು ಇತ್ಯರ್ಥವಾಗಲಿ. ಮಾತಿಗೆ ಮಣಿದು ಬದಲಾವಣೆ ತರಬಲ್ಲವರು ಮಾತ್ರ ನಿಜವಾದ ಶ್ರೋತೃಗಳು ಅಂತ ಭಾಷಣಕಲೆಯ ವಿದ್ವಾಂಸ ಲಾಯ್ಡ್ ಬಿಟ್ಜರ್ 1968ರಲ್ಲೇ ಹೇಳಿದ್ದಾರೆ. 'ದರ ಇಳಿಸಿ' ಅಂತ ಮೆಟ್ರೊ ನಡೆಸುವ ನಿಗಮ ಬಿಎಂಆರ್‌ಸಿಎಲ್‌ಗೆ ಬರೆದರೆ ವಾದ ಅಲ್ಲೇ ಬಿತ್ತು. 2002ರ ಮೆಟ್ರೊ ರೈಲ್ವೆ ಕಾಯ್ದೆ ಪ್ರಕಾರ ದರ ನಿಗದಿ ಸಮಿತಿಯ ಶಿಫಾರಸನ್ನು ನಿಗಮ ಪಾಲಿಸಲೇಬೇಕು. ಬದಲಿಗೆ, ಬಿಎಂಟಿಸಿ ಬಸ್ಸಿನ ವಿದ್ಯಾರ್ಥಿ ಪಾಸಿನ ಹಾಗೆ ಮೆಟ್ರೊ ರಿಯಾಯಿತಿಯ ಹೊರೆಯಲ್ಲೂ ರಾಜ್ಯ ಸರ್ಕಾರ ಪಾಲು ಹೊರಲಿ ಅಂತ ಸರ್ಕಾರವನ್ನೇ ಕೇಳಿ. ಆಗ ಮಾರ್ಗಗಳ ಪಟ್ಟಿ ಬೇಡವಾಗುತ್ತದೆ, ಹಣ ಎಲ್ಲಿಂದ ಅನ್ನೋ ಪ್ರಶ್ನೆ ಮುಂದೆ ಬರುತ್ತದೆ.

ಬಸವನಗುಡಿ ಮೇಷ್ಟ್ರು
ಸರಿಯಾದ ಮಾತು. ಆದರೆ ಓದುಗರು ಗೊತ್ತಾದ ಮೇಲೂ, ಹೇಳದೆ ಬಿಟ್ಟ ಕೊಂಡಿಯಲ್ಲಿ ವಾದ ಕಳಚಿಕೊಳ್ಳುತ್ತದೆ. ತತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಬಿಡಿಸಿ ತೋರಿಸಿದ್ದು ಇದನ್ನೇ: ಪ್ರತಿಪಾದನೆ, ಆಧಾರ, ಎರಡನ್ನೂ ಬೆಸೆಯುವ ಸಮರ್ಥನೆ. 'ದರ 90 ಆಗಿದೆ, ಆದ್ದರಿಂದ ರಿಯಾಯಿತಿ ಕೊಡಿ.' ಇಲ್ಲಿ ಸಮರ್ಥನೆ ಎಲ್ಲಿದೆ? 90 ರೂಪಾಯಿ ಅತಿ ದೂರದ ಪ್ರಯಾಣಕ್ಕೆ ಮಾತ್ರ ಅಂತ ಓದುಗರು ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಹೀಗೆ ಬರೆಯಿರಿ: ಹೋಗಲು 40, ಬರಲು 40, ತಿಂಗಳಿಗೆ 22 ತರಗತಿ ದಿನ, ಒಟ್ಟು 1,760 ರೂಪಾಯಿ, ದುಡಿಮೆಯಿಲ್ಲದವರ ಪ್ರಯಾಣಕ್ಕೆ ನೆರವಾಗುವುದನ್ನು ಬಸ್ ಪಾಸಿನಲ್ಲಿ ಸರ್ಕಾರ ಈಗಾಗಲೇ ಒಪ್ಪಿದೆ. ಎರಡನೇ ಅರ್ಧವೇ ನಿಮ್ಮ ಸಮರ್ಥನೆ.

ಪೂರ್ವಪಕ್ಷಕ್ಕೆ, ಅಂದರೆ ಎದುರಿನವರ ವಾದಕ್ಕೆ, ಸುಮಾರು 120 ಪದ ಕೊಡಿ. 'ಮೆಟ್ರೊ ಸಾಲ ತೀರಿಸಬೇಕಲ್ಲ' ಅನ್ನುವವರೇ ತಲೆದೂಗುವಷ್ಟು ನ್ಯಾಯವಾಗಿ ಅವರ ಮಾತು ಬರೆಯಿರಿ. ಪೊಳ್ಳು ಎದುರಾಳಿಯನ್ನು ನಿಲ್ಲಿಸಿ ಕೆಡವಿದರೆ ಓದುಗರಿಗೆ ತಕ್ಷಣ ತಿಳಿಯುತ್ತದೆ.

ಬಿಎ ವಿದ್ಯಾರ್ಥಿನಿ, ವಿಜಯನಗರ
ಪೂರ್ವಪಕ್ಷ ಮೊದಲು ಬರಬೇಕಾ, ಕೊನೆಗಾ ಸರ್?

ಬಸವನಗುಡಿ ಮೇಷ್ಟ್ರು
ಓದುಗರು ವಿರೋಧವಿದ್ದರೆ ಮೊದಲು. ಇಲ್ಲವಾದರೆ ನಡುವೆ, ನಿಮ್ಮ ಲೆಕ್ಕ ಮುಗಿದ ಮೇಲೆ. ಕೊನೆಯ ಪ್ಯಾರಾದಲ್ಲಂತೂ ಬೇಡಮ್ಮ, ಎದುರಿನವರ ಮಾತೇ ಕಿವಿಯಲ್ಲಿ ಉಳಿಯುತ್ತದೆ.

ಕರಡು ತಿದ್ದುವವ
ಈಗಿರುವ ಕರಡನ್ನು ಎಸೆಯಬೇಡಿ. ಅಂಚಿನಲ್ಲಿ ಪ್ರತಿ ಪ್ಯಾರಾಕ್ಕೆ ಎರಡು ಟಿಪ್ಪಣಿ ಹಾಕಿ: ಇದು ಏನು ಹೇಳುತ್ತದೆ, ಏನು ಮಾಡುತ್ತದೆ. ಎರಡನೆಯದರಲ್ಲಿ ಒಪ್ಪುತ್ತದೆ, ಹೋಲಿಸುತ್ತದೆ, ಅಲ್ಲಗಳೆಯುತ್ತದೆ, ಕೇಳುತ್ತದೆ ಅಂತ ಬರಬೇಕು. ಸಾಲಾಗಿ 'ತಿಳಿಸುತ್ತದೆ' ಅಂತಲೇ ಬಂದ ಕಡೆ ಒಂದೇ ಪ್ಯಾರಾ ಉಳಿಸಿ, ಮಿಕ್ಕ ಜಾಗವನ್ನು ಆ 1,760ರ ಲೆಕ್ಕಕ್ಕೆ ಕೊಡಿ.