ಸರ್ಕಸ್ ಆನೆಗೆ ನಿವೃತ್ತಿ ಯಾವಾಗ? ಆಮೇಲೆ ಅದು ಎಲ್ಲಿಗೆ ಹೋಗುತ್ತದೆ?

ಬೆಣ್ಣೆದೋಸೆ_ದಾವಣಗೆರೆ:

ಹೋದ ಭಾನುವಾರ ಮಗಳನ್ನು ಸರ್ಕಸ್‌ಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಎಂಟು ವರ್ಷ. ಆಟ ಮುಗಿದು ಜನ ಏಳುತ್ತಿದ್ದರೆ ಅವಳು ಮಾತ್ರ ಕೂತೇ ಇದ್ದಳು, "ಆನೆ ಇನ್ನೂ ಬಂದೇ ಇಲ್ವಲ್ಲಪ್ಪಾ" ಅಂತ. ದಾರಿಯುದ್ದಕ್ಕೂ ನಾನು ಆನೆಯ ಕಥೆಯನ್ನೇ ಹೇಳಿದ್ದೆ.

ನಾನು ಚಿಕ್ಕವನಿದ್ದಾಗ, 1990ರ ಸುಮಾರಿಗೆ, ನಮ್ಮೂರಿಗೆ ಸರ್ಕಸ್ ಬಂದರೆ ಆನೆ ಇದ್ದೇ ಇರುತ್ತಿತ್ತು. ಸ್ಟೂಲ್ ಮೇಲೆ ಕೂರುತ್ತಿತ್ತು, ಸೊಂಡಿಲಲ್ಲಿ ಬ್ಯಾಟ್ ಹಿಡಿದು ಚೆಂಡು ಹೊಡೆಯುತ್ತಿತ್ತು, ಕೊನೆಗೆ ಶಿವಲಿಂಗಕ್ಕೆ ನೀರೆರೆದು ಗಂಟೆ ಬಾರಿಸುತ್ತಿತ್ತು. ಜನ ಕೈ ಮುಗಿಯುತ್ತಿದ್ದರು. ಒಮ್ಮೆ ಅಪ್ಪ ಟೆಂಟ್ ಹಿಂದೆ ಕರೆದುಕೊಂಡು ಹೋಗಿ ತೋರಿಸಿದರು. ಕಾಲಿಗೆ ಸರಪಳಿ ಹಾಕಿ ಕಟ್ಟಿದ್ದರು. ಅದು ನಿಂತಲ್ಲೇ ಆ ಕಡೆ ಈ ಕಡೆ ತೂಗಾಡುತ್ತಿತ್ತು. "ನೋಡು, ಇನ್ನೂ ಡ್ಯಾನ್ಸ್ ಮಾಡ್ತಾ ಇದೆ" ಅಂದಿದ್ದರು ಅಪ್ಪ.

ಆ ಆನೆಗಳೆಲ್ಲ ಎಲ್ಲಿ ಹೋದವು? ಅಷ್ಟು ದೊಡ್ಡ ಪ್ರಾಣಿಗೆ ಅದನ್ನೆಲ್ಲ ಹೇಗೆ ಕಲಿಸುತ್ತಿದ್ದರು? ಎಷ್ಟನೇ ವಯಸ್ಸಿಗೆ ಬಿಡಬೇಕು ಅಂತ ಲೆಕ್ಕ ಏನಾದರೂ ಇದೆಯಾ? ಗೊತ್ತಿರುವವರು ಹೇಳಿ, ಮಗಳಿಗೆ ಸುಮ್ನೆ ಏನೋ ಒಂದು ಹೇಳಿ ಸಾಗಹಾಕಲು ಮನಸ್ಸಿಲ್ಲ.

ತುಂಗಾತೀರ:

ಸರ್, ಮೊದಲು ಕಾನೂನಿನ ವಿಷಯ. 1998ರಲ್ಲಿ ಕೇಂದ್ರ ಸರ್ಕಾರ ಹುಲಿ, ಸಿಂಹ, ಚಿರತೆ, ಕರಡಿ, ಕೋತಿ ಇವನ್ನು ಆಟಕ್ಕೆ ಬಳಸಬಾರದು ಎಂದಿತು. ಸರ್ಕಸ್‌ನವರು ಕೋರ್ಟಿಗೆ ಹೋದರು, 2001ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ಎತ್ತಿಹಿಡಿಯಿತು. ಬನ್ನೇರುಘಟ್ಟಕ್ಕೆ ಸರ್ಕಸ್‌ನ ಹುಲಿ, ಸಿಂಹಗಳು ಬಂದದ್ದು ಹೀಗೆ. ಆದರೆ ಆ ಪಟ್ಟಿಯಲ್ಲಿ ಆನೆ ಇರಲಿಲ್ಲ. 2013ರಲ್ಲಿ ಕೇಂದ್ರೀಯ ಮೃಗಾಲಯ ಪ್ರಾಧಿಕಾರ ಸರ್ಕಸ್‌ನಲ್ಲಿ ಆನೆಯೂ ಬೇಡ ಎಂದು ತೀರ್ಮಾನಿಸಿತು. ಆಮೇಲೆ ಸರ್ಕಸ್‌ಗಳ ಮಾನ್ಯತೆ ಒಂದೊಂದಾಗಿ ರದ್ದಾಯಿತು. ಕೆಲವು ಆನೆಗಳು ಮಥುರಾ ಹತ್ತಿರ ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಪ್ರಾಣಿರಕ್ಷಣಾ ಸಂಸ್ಥೆಯವರ ಕೇಂದ್ರ ಸೇರಿದವು. ಮಿಯಾ, ಸೀತಾ ಅಂತ ಎರಡು ಹೆಣ್ಣಾನೆಗಳು 2015ರಲ್ಲಿ ತಮಿಳುನಾಡಿನ ಸರ್ಕಸ್‌ನಿಂದ ಅಲ್ಲಿಗೆ ಹೋದವು. ಅವುಗಳ ಜೊತೆಗೇ ಇದ್ದ ರಿಯಾ ಮರುವರ್ಷ ಬಂದು ಸೇರಿಕೊಂಡಿತು.

ಸರ್ಕಸ್‌ನಲ್ಲಿ ಜಾಸ್ತಿ ಇದ್ದದ್ದು ಹೆಣ್ಣಾನೆಗಳೇ. ಗಂಡಿಗೆ ಮದ ಬರುತ್ತದೆ, ಟೆಂಟ್‌ನಲ್ಲಿ ಹಿಡಿಯಲು ಆಗುವುದಿಲ್ಲ. ಮರಿಯಿದ್ದಾಗಲೇ ಶುರು ಮಾಡುತ್ತಿದ್ದರು. ಕಾಲಿಗೆ ಹಗ್ಗ ಕಟ್ಟಿ ಎಳೆದು ಕೂರಿಸುವುದು, ಕೂತರೆ ಬೆಲ್ಲ, ಇಲ್ಲದಿದ್ದರೆ ಅಂಕುಶ. ದಿನಕ್ಕೆ ಎಷ್ಟೋ ಸಲ ಹೀಗೇ. ದೊಡ್ಡದಾದ ಮೇಲೆ ಹೊಡೆಯುವ ಅಗತ್ಯ ಇರುತ್ತಿರಲಿಲ್ಲ, ಅಂಕುಶ ಕಂಡರೆ ಸಾಕು. ಹಾಗಾಗಿಯೇ ರಿಂಗ್‌ನಲ್ಲಿ ನೋಡುವವರಿಗೆ ಆನೆ ಪ್ರೀತಿಯಿಂದ ಮಾಡುತ್ತಿದೆ ಅನ್ನಿಸುತ್ತಿತ್ತು. ಗಂಟೆ ಬಾರಿಸುವುದರಿಂದ ಅದಕ್ಕೆ ನೋವಿಲ್ಲ, ಸರಿ. ಆದರೆ ತಲೆ ಕೆಳಗೆ ಮಾಡಿ ನಿಲ್ಲಿಸುವುದು, ಹಿಂಗಾಲ ಮೇಲೆ ಕೂರಿಸುವುದು ಬೇರೆ ವಿಷಯ. ಕಾಡಾನೆ ಕೊಂಬೆಗೋಸ್ಕರ ಒಂದು ಕ್ಷಣ ಹಿಂಗಾಲಲ್ಲಿ ಎದ್ದರೂ ತಲೆ ಊರಿ ಯಾವತ್ತೂ ನಿಲ್ಲುವುದಿಲ್ಲ.

ಕಾಡಂಚಿನವ:

ನಮ್ಮದು ಹುಣಸೂರು ತಾಲ್ಲೂಕು. ಸರ್ಕಸ್ ಆನೆ ನಾನು ಹತ್ತಿರದಿಂದ ನೋಡಿಲ್ಲ, ಅರಣ್ಯ ಇಲಾಖೆಯ ಕ್ಯಾಂಪ್ ಆನೆಗಳ ಜೊತೆಗೇ ಬೆಳೆದವನು. ನನ್ನ ಗೆಳೆಯ ಕಾವಾಡಿ, ಅಂದರೆ ಮಾವುತನ ಸಹಾಯಕ.

ಇಲ್ಲಿ ಪಳಗಿಸುವುದೂ ಮೆತ್ತಗಿನ ಕೆಲಸ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಡಿದ ಕಾಡಾನೆಯನ್ನು ಕ್ರಾಲ್ ಎಂಬ ದಪ್ಪ ಮರದ ದಿಮ್ಮಿಯ ದೊಡ್ಡಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಮಾವುತ ಅದರ ಪಕ್ಕದಲ್ಲೇ ಇದ್ದು ಕಬ್ಬು, ಬೆಲ್ಲ ಕೊಡುತ್ತಾ, ಮೈ ಮುಟ್ಟುತ್ತಾ, ಮಾತಾಡುತ್ತಾ ಹತ್ತಿರವಾಗುತ್ತಾನೆ. ವ್ಯತ್ಯಾಸ ಇರುವುದು ಆಮೇಲೆ. ಕೆಲಸ ಇಲ್ಲದಾಗ ರಾತ್ರಿ ಸರಪಳಿ ಎಳೆದುಕೊಂಡೇ ಕಾಡಿಗೆ ಮೇಯಲು ಹೋಗುತ್ತವೆ. ಬೆಳಿಗ್ಗೆ ಕಾವಾಡಿ ಸರಪಳಿಯ ಗುರುತು ಹಿಡಿದು ಹುಡುಕಿ ತರುತ್ತಾನೆ. ಟೆಂಟ್ ಹಿಂದೆ ಕಟ್ಟಿದ ಆನೆಗೆ ಆ ರಾತ್ರಿಯೇ ಇಲ್ಲವಲ್ಲ.

ಇನ್ನು ನಿವೃತ್ತಿ. ದಸರಾ ಅಂಬಾರಿ 750 ಕೆಜಿ. ಅದನ್ನು ಹೊರುವ ಆನೆಗೆ ಮೊದಲು ಮರಳು ಮೂಟೆ ಹೊರಿಸಿ, ಆಮೇಲೆ ಮರದ ಅಂಬಾರಿ ಕಟ್ಟಿ ತಾಲೀಮು ಮಾಡಿಸುತ್ತಾರೆ. 60 ದಾಟಿದ ಆನೆಗೆ ಭಾರ ಹೊರಿಸಬಾರದು ಅಂತ ನಿಯಮ ಇದೆ. 2012ರಿಂದ 2019ರವರೆಗೆ ಎಂಟು ಸಲ ಅಂಬಾರಿ ಹೊತ್ತ ಅರ್ಜುನನನ್ನು ಅದಕ್ಕೇ ಬಿಡಿಸಿದರು, 2020ರಿಂದ ಅಭಿಮನ್ಯು ಬಂದ. ಸಂತೋಷವೇ. ಆದರೆ ಆಮೇಲೆ ಏನಾಯಿತು? 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ ಕಾಡಾನೆ ಕಾರ್ಯಾಚರಣೆಗೆ ಹೋಗಿದ್ದ ಅರ್ಜುನ ಕಾಡಾನೆ ತಿವಿದು ಸತ್ತುಹೋದ. ಅಂಬಾರಿ ಹೊರಲು ವಯಸ್ಸಾಯಿತು ಅಂತ ಬಿಟ್ಟ ಆನೆಯನ್ನು ಸೊಕ್ಕಿದ ಗಂಡಾನೆಯ ಎದುರು ನಿಲ್ಲಿಸಿದ್ದು ಯಾವ ಲೆಕ್ಕ? ಅವತ್ತು ಅವನ ಮಾವುತ ಅಳುತ್ತಿದ್ದ ವಿಡಿಯೊ ನೋಡಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ನಿವೃತ್ತಿ ಅಂದರೆ ಒಂದು ಕೆಲಸ ಬಿಡಿಸಿ ಇನ್ನೊಂದಕ್ಕೆ ಹಚ್ಚುವುದಲ್ಲ ಅಣ್ಣ. ಎಲ್ಲ ಕೆಲಸವೂ ನಿಲ್ಲಬೇಕು.

ದನದ_ಡಾಕ್ಟ್ರು:

ಪಶುವೈದ್ಯೆ ನಾನು. ಕೆಲವು ವರ್ಷ ಆನೆಗಳನ್ನೂ ನೋಡಿದ್ದೇನೆ. ವರ್ಷದ ಲೆಕ್ಕ ಕಾಗದಕ್ಕೆ ಬೇಕು, ಆದರೆ ನಾನು ಮೊದಲು ನೋಡುವುದು ಪಾದ. ಕಾಂಕ್ರೀಟ್ ಮೇಲೆ, ತಮ್ಮದೇ ಲದ್ದಿ, ಗಂಜಲದ ಒದ್ದೆಯಲ್ಲಿ ವರ್ಷಗಟ್ಟಲೆ ನಿಂತ ಆನೆಯ ಅಂಗಾಲು ಬಿರಿಯುತ್ತದೆ, ಉಗುರಿನ ಬುಡದಲ್ಲಿ ಕೀವು ಕಟ್ಟುತ್ತದೆ, ಅದು ಮೂಳೆಗೆ ಇಳಿದರೆ ಮುಗಿಯಿತು. ಸಾಕಾನೆಗಳು ಸಾಯುವುದಕ್ಕೆ ಇದು ದೊಡ್ಡ ಕಾರಣ. ಎರಡನೆಯದು ಕೀಲು. ರಾತ್ರಿ ಮಲಗುತ್ತದೆಯೇ ಅಂತ ಮಾವುತನನ್ನು ಕೇಳುತ್ತೇನೆ. ಮಲಗಿದರೆ ಏಳಲು ಆಗುವುದಿಲ್ಲ ಅಂತ ಹೆದರಿ ಗೋಡೆಗೆ ಒರಗಿ ನಿಂತೇ ರಾತ್ರಿ ಕಳೆಯುವ ಆನೆಗೆ 40 ವರ್ಷವೇ ಆಗಿರಲಿ, ಅದರ ಕೆಲಸ ಮುಗಿಯಿತು ಅಂತಲೇ ಅರ್ಥ. ಮೂರನೆಯದು ಹಲ್ಲು. ಆನೆಗೆ ದವಡೆ ಹಲ್ಲು ಆರು ಸಲ ಬರುತ್ತದೆ, ಆರನೆಯದು ಸವೆದರೆ ಮತ್ತೆ ಇಲ್ಲ. ಲದ್ದಿಯಲ್ಲಿ ಅಗಿಯದ ಉದ್ದುದ್ದ ನಾರು ಬರಲು ಶುರುವಾದರೆ ಹುಲ್ಲು ಕತ್ತರಿಸಿ ಕೊಡಬೇಕು.

ಮತ್ತೆ ದಾವಣಗೆರೆಯವರೇ, ನಿಮ್ಮಪ್ಪ ತೋರಿಸಿದ್ದು ಡ್ಯಾನ್ಸ್ ಅಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಆ ಕಾಲದಲ್ಲಿ ಎಲ್ಲರೂ ಹಾಗೇ ಅಂದುಕೊಂಡಿದ್ದರು. ನಡೆಯಲು ಜಾಗವಿಲ್ಲದೆ ಒಂದೇ ಕಡೆ ಕಟ್ಟಿಸಿಕೊಂಡ ಆನೆ ಹಾಗೆ ತೂಗುತ್ತದೆ. ಬಿಟ್ಟ ಮೇಲೂ ಎಷ್ಟೋ ಆನೆಗಳಿಗೆ ಆ ಅಭ್ಯಾಸ ಹೋಗುವುದಿಲ್ಲ. ಇನ್ನೊಂದು ವಿಷಯ, ಹೊಸ ಜಾಗಕ್ಕೆ ಕಳಿಸುವ ಮುಂಚೆ ಕ್ಷಯ ಪರೀಕ್ಷೆ ಮಾಡಿಸಲೇಬೇಕು. ಮನುಷ್ಯರ ಟಿಬಿ ಆನೆಗೆ ಅಂಟುತ್ತದೆ, ಆನೆಯಿಂದ ಮಾವುತನಿಗೂ ಬರಬಹುದು.

ಕೋಪನ್‌ಹೇಗನ್_ಕನ್ನಡಿಗ:

ಡೆನ್ಮಾರ್ಕಿನ ಕಥೆಯನ್ನೂ ಮಗಳಿಗೆ ಹೇಳಿ ಸರ್, ಇಷ್ಟ ಆಗುತ್ತೆ. ಇಲ್ಲಿ ಸರ್ಕಸ್‌ಗಳಲ್ಲಿ ಕೊನೆಗೆ ಉಳಿದಿದ್ದು ನಾಲ್ಕೇ ಆನೆ. 2019ರಲ್ಲಿ ಸರ್ಕಾರ 1.1 ಕೋಟಿ ಕ್ರೋನ ಕೊಟ್ಟು ನಾಲ್ಕನ್ನೂ ಕೊಂಡುಕೊಂಡಿತು. ಅದರಲ್ಲಿ ರಾಂಬೊಲಿನಾ ಎಂಬ ಆನೆಗೆ ಅಲಿ ಅನ್ನುವ ಒಂಟೆ ಜೊತೆ ತುಂಬಾ ಸ್ನೇಹ. ಇಬ್ಬರನ್ನೂ ಬೇರೆ ಮಾಡಬಾರದು ಅಂತ ಆ ಒಂಟೆಯನ್ನೂ ಸರ್ಕಾರವೇ ಕೊಂಡಿತು! ಅಮೆರಿಕದ ರಿಂಗ್ಲಿಂಗ್ ಸರ್ಕಸ್ ಕೂಡ 2016ರ ಮೇನಲ್ಲಿ ಆನೆಗಳ ಆಟ ನಿಲ್ಲಿಸಿ ಅವನ್ನೆಲ್ಲ ಫ್ಲಾರಿಡಾಕ್ಕೆ ಕಳಿಸಿತು.

ಬೆಣ್ಣೆದೋಸೆ_ದಾವಣಗೆರೆ:

ಎಲ್ಲರಿಗೂ ಧನ್ಯವಾದ. ಡಾಕ್ಟರ್ ಮೇಡಂ, ಬೇಜಾರಾಗಿದ್ದು ನಿಜ. ಅಪ್ಪನಿಗೆ ಈಗ 74. ರಾತ್ರಿ ನಿಮ್ಮ ಉತ್ತರ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಇದ್ದರು. ಆಮೇಲೆ, "ಅದರ ಕಾಲ ಕೆಳಗೆ ಬರೀ ಕೆಸರಿತ್ತು, ನನಗೆ ಇನ್ನೂ ನೆನಪಿದೆ" ಅಂದರು.

ಮಗಳಿಗೆ ಅಲಿ ಒಂಟೆಯ ಕಥೆ ಹೇಳಿದ್ದೇನೆ, ಅರ್ಜುನನದು ಇನ್ನೂ ಹೇಳಿಲ್ಲ. ಕಾಡಂಚಿನವರೇ, ದಸರಾ ರಜೆಯಲ್ಲಿ ಮತ್ತಿಗೋಡು ಆನೆ ಕ್ಯಾಂಪ್ ಕಡೆ ಬಂದರೆ ಆನೆಗಳು ಕಾಡಿನಿಂದ ಬೆಳಿಗ್ಗೆ ಎಷ್ಟು ಹೊತ್ತಿಗೆ ವಾಪಸ್ ಬರುತ್ತವೆ?

ಕಾಡಂಚಿನವ:

ದಸರಾ ಹೊತ್ತಿಗೆ ಬರಬೇಡಿ, ಒಳ್ಳೊಳ್ಳೆ ಆನೆಗಳೆಲ್ಲ ಮೈಸೂರಿನಲ್ಲಿರುತ್ತವೆ. ಡಿಸೆಂಬರ್‌ನಲ್ಲಿ ಬನ್ನಿ. ಬರುವ ಮುಂಚೆ ಇಲ್ಲಿ ಒಂದು ಮೆಸೇಜ್ ಹಾಕಿ, ಜನರನ್ನು ಯಾವಾಗ ಒಳಗೆ ಬಿಡುತ್ತಾರೆ ಅಂತ ಗೆಳೆಯನನ್ನು ಕೇಳಿ ಹೇಳುತ್ತೇನೆ. ಅಪ್ಪನನ್ನೂ ಕರೆತನ್ನಿ.